ಆಟ ಮುಗಿಯುವ ತನಕ

ಚದುರಂಗದ ಮಣೆಯ ಮೇಲೆ ಆನೆಯನ್ನು ಎತ್ತಿ ನಾಲ್ಕನೇ ಸಾಲಿಗೆ ಇಟ್ಟುಬಿಟ್ಟರೆ ಗೆದ್ದ ಹಾಗೇ ಎಂದು ಅವಳಿಗೆ ಹೊಳೆದ ಹೊತ್ತಿಗೇ, ಪ್ರೇಕ್ಷಕರ ಕುರ್ಚಿಯಲ್ಲಿ ತಮ್ಮ ಬಂದು ಕೂತದ್ದು ಕಣ್ಣಿಗೆ ಬಿತ್ತು. ಲಿಫ್ಟ್ ರಿಪೇರಿಯ ನೀಲಿ ಅಂಗಿಯಲ್ಲೇ ಬಂದಿದ್ದ. ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಮಿಸುಕಾಡದೆ ಕೂತಿದ್ದ.



ಈ ತಮ್ಮ ಎಂದಾದರೂ ಆಟ ನೋಡಲು ಬಂದವನೇ? "ಇದನ್ನ ನೋಡ್ತಾ ಕೂರೋದಕ್ಕಿಂತ ಬಸ್‌ಸ್ಟ್ಯಾಂಡಲ್ಲಿ ಕೂತ್ರೆ ವಾಸಿ ಕಣಕ್ಕಾ, ಅಲ್ಲಿ ಬಸ್ಸಾದ್ರೂ ಬರುತ್ತೆ" ಎನ್ನುವ ಆಸಾಮಿ. ಅಕ್ಕ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್ ಆದಾಗಲೂ, ಮೊದಲ ಸಲವೊಂದು ಬಿಟ್ಟರೆ, ಅವನು ಬಂದದ್ದು ಕೊನೆಗೆ, ಟ್ರೋಫಿ ಹೊರುವುದಕ್ಕೆ. ಅಮ್ಮ ಇದೇ ಊರಿನ ಆಸ್ಪತ್ರೆ ಸೇರಿದಾಗಿನಿಂದ ಕೆಲಸಕ್ಕೆ ಹೋಗದ ಹೊತ್ತೆಲ್ಲ ಅಮ್ಮನ ಮಂಚದ ಪಕ್ಕದಲ್ಲೇ ಇರುತ್ತಿದ್ದ. ಅಂಥವನು ಅಮ್ಮನನ್ನು ಬಿಟ್ಟು ಇಲ್ಲಿ ಬಂದು ಕೂತಿದ್ದಾನೆ ಎಂದರೆ ಇನ್ನೇನು ಅರ್ಥ? ಅಮ್ಮ ಹೋಗಿಬಿಟ್ಟಳು ಎಂದುಕೊಂಡಳು ಅವಳು.

ಹಾಗೆ ಅಂದುಕೊಳ್ಳಲು ಕಾರಣವಿತ್ತು. ಹದಿನೇಳನೇ ವಯಸ್ಸಿನಲ್ಲಿ ಅವಳು ಮೊದಲ ಸಲ ಚಾಂಪಿಯನ್‌ಪಟ್ಟಕ್ಕೆ ಆಡುತ್ತಿದ್ದಾಗ, ಊರಲ್ಲಿ ಅಪ್ಪ ತೀರಿಕೊಂಡಿದ್ದರು. ಅವಳಿಗೆ ಆಟ ಕಲಿಸಿದ ಅಪ್ಪ. "ಆಟ ಮುಗಿಯೋ ತನಕ ಯಾರೂ ಬಾಯಿ ಬಿಡಕೂಡದು, ಅವರಿದ್ದಿದ್ರೂ ಇದನ್ನೇ ಹೇಳ್ತಿದ್ರು" ಎಂದು ಅಮ್ಮ ಎಲ್ಲರ ಬಾಯಿಗೂ ಬೀಗ ಹಾಕಿದ್ದಳು. ಟ್ರೋಫಿ ಹಿಡಿದು ಇವಳು ಹಲ್ಲು ಕಿರಿಯುತ್ತಾ ವೇದಿಕೆಯಿಂದ ಇಳಿದ ಮೇಲೆಯೇ ಚಿಕ್ಕಪ್ಪ ವಿಷಯ ಹೇಳಿದ್ದು. ಅವತ್ತು ಚಿಕ್ಕಪ್ಪನ ಪಕ್ಕದಲ್ಲಿ ಈ ತಮ್ಮ, ಆಗಿನ್ನೂ ಚಡ್ಡಿ ಹಾಕುವ ಪೋರ, ತೊಡೆಯ ಮೇಲೆ ಕೈ ಇಟ್ಟುಕೊಂಡು ಹೀಗೇ ಕೂತಿದ್ದ.

ಬಹಳ ಕಾಲ ಅಮ್ಮನ ಮೇಲೆ ಸಿಟ್ಟಿತ್ತು ಅವಳಿಗೆ. ಆಮೇಲೆ, ಅದೇನು ಮಾಯವೋ, ಅದೇ ಮನೆಯ ಕಾನೂನಾಗಿ ಹೋಯಿತು. ಯಾರಿಗೆ ಜ್ವರ ಬಂದರೂ, ಯಾರ ಸಂಬಂಧ ಮುರಿದರೂ ಅವಳಿಗೆ ತಿಳಿಯುತ್ತಿದ್ದುದು ಕೊನೆಯ ಸುತ್ತು ಮುಗಿದ ಮೇಲೆ. ದೇಶದ ಹೆಂಗಸರಲ್ಲಿ ಮೊದಲು ಗ್ರ್ಯಾಂಡ್‌ಮಾಸ್ಟರ್ ಆದವಳು, ಗಂಡಸರ ಪಂದ್ಯಗಳಿಗೂ ನುಗ್ಗಿ ಘಟಾನುಘಟಿಗಳಿಗೆ ಮಣ್ಣು ಮುಕ್ಕಿಸಿದವಳು. ಪತ್ರಿಕೆಯವರು ಅವಳ ಏಕಾಗ್ರತೆಯನ್ನು ಹಾಡಿ ಹೊಗಳುತ್ತಿದ್ದರು. ಏಕಾಗ್ರತೆಯಂತೆ, ಮಣ್ಣಂತೆ! ಮನೆಯವರೆಲ್ಲ ತಮ್ಮ ಅಳು ನುಂಗಿಕೊಂಡು ಅವಳಿಗೆ ಕೊಟ್ಟದ್ದು ಅದು.

ಆನೆಯತ್ತ ಚಾಚಿದ್ದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ಈ ನಡೆ ಆಡಿದರೆ ಆಟ ಮುಗಿಯುತ್ತದೆ. ಆಟ ಮುಗಿದರೆ ತಮ್ಮ ಎದ್ದು ಬರುತ್ತಾನೆ, ಬಾಯಿ ತೆರೆಯುತ್ತಾನೆ. ಅಲ್ಲಿಯವರೆಗೆ ಅಮ್ಮ ಸತ್ತಿಲ್ಲ. ಬೇಕಾದಷ್ಟು ಹೊತ್ತು ಯೋಚಿಸಿ, ಅವಳು ರಾಜನನ್ನು ಸುಮ್ಮನೆ ಒಂದು ಮನೆ ಪಕ್ಕಕ್ಕೆ ಸರಿಸಿದಳು.

ಎದುರಿಗಿದ್ದ ಎರಡು ಜಡೆಯ ಹುಡುಗಿ ಸೋಲೊಪ್ಪಿಕೊಳ್ಳಲೆಂದು ಪೆನ್ನಿನ ಮುಚ್ಚಳ ಹಾಕಿಯಾಗಿತ್ತು. ಬೆಪ್ಪಾಗಿ ನೋಡಿ, ಮತ್ತೆ ಮುಚ್ಚಳ ತೆಗೆದು ನಡೆ ಬರೆದುಕೊಂಡಳು.

ಹಾಗೆ ಶುರುವಾಯಿತು. ರಾಜ ಆಚೆ, ರಾಜ ಈಚೆ. ಕಾಯಿಗಳೆಲ್ಲ ಅದದೇ ಜಾಗಗಳಿಗೆ ಮೂರು ಸಲ ಬಂದು ಆಟ ಡ್ರಾ ಆಗಿಬಿಡದಂತೆ ಲೆಕ್ಕವಿಟ್ಟು, ಗೆಲುವು ಕೈ ಜಾರದಂತೆ, ಗೆಲುವು ಹತ್ತಿರವೂ ಬಾರದಂತೆ ಆಡಿದಳು. ಅವಳು ಜೀವಮಾನದಲ್ಲಿ ಆಡಿದ ಅತ್ಯಂತ ಕಷ್ಟದ ಆಟ ಅದು. ನಡುವೆ ಅಮ್ಮನನ್ನು ಮನಸ್ಸಿನಲ್ಲಿ ಕೂರಿಸಿಕೊಂಡು ಯೋಚಿಸಿದಳು. ಅಮ್ಮನಿಗೆ ಕುದುರೆ ಯಾವುದು, ಒಂಟೆ ಯಾವುದು ಎಂದು ಕೊನೆಗೂ ಗೊತ್ತಾಗಲಿಲ್ಲ. ಯಾವ ದೇಶದಿಂದ ಫೋನ್ ಮಾಡಿದರೂ ಎರಡೇ ಪ್ರಶ್ನೆ: "ಮುಗೀತಾ? ಊಟ ಆಯ್ತಾ?"

"ಮೇಡಮ್‌ಗೆ ಏನಾಗಿದೆ? ಮಕ್ಕಳಿಗೂ ಹೊಳೆಯೋ ನಡೆ ಬಿಟ್ಟು ಕೂತಿದ್ದಾರಲ್ಲ," ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ತೀರ್ಪುಗಾರರು ಅವರತ್ತ ಕಣ್ಣು ಬಿಟ್ಟರು.

ತಮ್ಮ ಈಗ ಕೂತಲ್ಲಿ ಕೂರುತ್ತಿರಲಿಲ್ಲ. ಪಕ್ಕದವರನ್ನು ಏನೋ ಕೇಳುತ್ತಿದ್ದ, ಗೋಡೆಯ ಗಡಿಯಾರ ನೋಡುತ್ತಿದ್ದ, ಅಂಗಿಯ ತುದಿ ಹಿಂಡುತ್ತಿದ್ದ. ಪಾಪ, ಒಬ್ಬನೇ ಆ ಭಾರ ಹೊತ್ತು ಕೂತಿದ್ದಾನಲ್ಲ ಎಂದುಕೊಂಡಳು. ಇನ್ನೊಂದು ಸ್ವಲ್ಪ ಹೊತ್ತು ಕಣೋ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಆದರೆ ಅವಳ ಪಾಲಿನ ಸಮಯ ಮುಗಿಯುತ್ತಾ ಬಂತು. ಇನ್ನು ಆಡದಿದ್ದರೆ ಸೋಲು, ಸೋತರೂ ಆಟ ಮುಗಿದ ಹಾಗೇ. ಬೇರೆ ದಾರಿ ಕಾಣದೆ ಆನೆಯನ್ನು ಎತ್ತಿ ನಾಲ್ಕನೇ ಸಾಲಿಗೆ ಇಟ್ಟಳು. ಹುಡುಗಿ ಒಂದು ಕ್ಷಣ ನೋಡಿ ಕೈ ಚಾಚಿದಳು. ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಹತ್ತನೇ ಸಲ.

ತಮ್ಮ ಕುರ್ಚಿಗಳನ್ನು ತಳ್ಳಿಕೊಂಡು ಓಡಿ ಬಂದ. ಅವಳು ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು.

"ಹೇಳೋ. ಯಾವಾಗ ಹೋದ್ಲು?"

"ಬಿಡ್ತು ಅನ್ನಕ್ಕಾ! ಏನ್ ಮಾತು ಅಂತ ಆಡ್ತೀಯ? ಅಮ್ಮ ನಿನ್ನ ನೋಡ್ಬೇಕಂತೆ. ಉಸಿರು ಮೇಲಕ್ಕೆ ಎಳೀತಿದೆ, ಆದ್ರೂ ನಿನ್ನ ಹೆಸರೇ ಹೇಳ್ತಿದ್ದಾಳೆ. ಬೇಗ ಕರ್ಕೊಂಡು ಬಾ ಅಂತ ಕಳಿಸಿದ್ಲು. ನಡಿ, ನಡಿ!"

"ಇದ್ದಾಳಾ?" ಅವಳು ಮೇಜಿನ ಅಂಚು ಬಿಟ್ಟಳು. "ಮತ್ತೆ ಬಂದ ತಕ್ಷಣ ಯಾಕೋ ಹೇಳ್ಲಿಲ್ಲ?"

"ಹೇಗ್ ಹೇಳ್ಲಿ? ಆಟ ಮುಗಿಯೋ ತನಕ ತುಟಿ ಪಿಟಕ್ ಅನ್ಬೇಡ ಅಂತ ಅಮ್ಮನೇ ಆಣೆ ಹಾಕಿಸ್ಕೊಂಡ್ಲು. ಇನ್ನೇನು ಒಂದೇ ನಡೆ ಅಂತ ಪಕ್ಕದವರು ಆಗಿನಿಂದ ಹೇಳ್ತಾನೇ ಇದ್ರು. ನೀನು ಮುಗಿಸ್ಲೇ ಇಲ್ಲ."

ಅವಳು ಓಡಿದಳು. ಅಭಿನಂದಿಸಲು ಕೈ ಚಾಚಿದವರನ್ನು, ಹಿಂದಿನಿಂದ ಕೂಗುತ್ತಿದ್ದ ಫೋಟೋದವನನ್ನು ಬಿಟ್ಟು ಓಡಿದಳು. ಅಮ್ಮ ಇದ್ದಾಳೆ, ಇದ್ದಾಳೆ ಎಂದು ಬಾಯಿಬಿಟ್ಟೇ ಹೇಳಿಕೊಳ್ಳುತ್ತಿದ್ದಳು. ಹೊರಬಾಗಿಲಲ್ಲಿ ಕಾವಲಿನ ಹೆಂಗಸು, ಒಳಗೆ ಹೋಗುವಾಗ ಎಲ್ಲರಿಂದ ಇಸಿದುಕೊಂಡ ಫೋನುಗಳ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಈ ನೀಲಿ ಅಂಗಿಯವರದಾ ಇದು? ಆಗಿನಿಂದ ಗುಯ್‌ಗುಟ್ಟಿ ಗುಯ್‌ಗುಟ್ಟಿ ಈಗ ಸುಮ್ಮನಾಯ್ತು ನೋಡಿ," ಎನ್ನುತ್ತಾ ಎತ್ತಿಕೊಟ್ಟಳು.

ಆಸ್ಪತ್ರೆಯಲ್ಲಿ ಅಮ್ಮನ ಹತ್ತಿರವಿದ್ದ ಹೆಂಡತಿಗೆ ತಮ್ಮ ಫೋನ್ ಮಾಡಿದ. ಆ ಕಡೆಯ ಅಳು ಅಕ್ಕನಿಗೂ ಕೇಳಿಸಿತು. ಅವನು "ಯಾವಾಗ?" ಎಂದ. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಈಗಷ್ಟೇನಾ?" ಎಂದು ಗೋಡೆಗೆ ಒರಗಿದ.

ಒಳಗಿನ ಮೈಕಿನಲ್ಲಿ ಅವಳ ಹೆಸರು ಕೂಗುತ್ತಿದ್ದರು. ಕಾವಲಿನ ಹೆಂಗಸು ಬುಟ್ಟಿಯಿಂದ ಅವಳ ಫೋನನ್ನೂ ಹುಡುಕಿ ತೆಗೆದು, "ತಗೊಳ್ಳಿ ಮೇಡಮ್, ಗೆದ್ರಂತಲ್ಲ" ಎಂದು ನಗುತ್ತಾ ಚಾಚಿದಳು. ಅವಳು ಕೈ ನೀಡಲಿಲ್ಲ. ಹೆಂಗಸು ಫೋನನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು.