ಹೊರಗಿನ ಮೆಟ್ಟಿಲು

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಸೂಗಮ್ಮನ ಮಗಳು ಗೋಪಮ್ಮ ಮಾನ್ವಿಯ ಆಸ್ಪತ್ರೆಯಲ್ಲಿ ಹೆತ್ತಳು. ಹೆರಿಗೆ ಸಲೀಸಾಗಲಿಲ್ಲ. ಹೊರಗೆ ಬಂದ ಮಗು ಅಳಲೂ ಇಲ್ಲ. ನರ್ಸ್ ಆದೆಮ್ಮ ಅದರ ಬೆನ್ನು ತಿಕ್ಕಿ, ಬಾಯಿಗೆ ಬಾಯಿಟ್ಟು ಉಸಿರು ಊದಿ ಅಳಿಸಿದಳು. ಸೂಗಮ್ಮ ವರಾಂಡದಲ್ಲಿ ಆಕೆಯ ಎರಡೂ ಕೈ ಹಿಡಿದುಕೊಂಡಳು.

"ಯವ್ವಾ, ನೀ ನನ್ನ ಮಗಳಿದ್ದಂಗ. ಏನ್ ಬೇಕು ಕೇಳು."

"ಏನೂ ಬ್ಯಾಡ್ರಿ. ಎಲ್ಲೇರ ಬಾಡಿಗಿ ರೂಮ್ ಇದ್ರ ಹೇಳ್ರಿ ಸಾಕು," ಎಂದು ಆದೆಮ್ಮ ನಕ್ಕಳು.

ಅರಕೇರಾದ ಕೂಲಿ ಮನೆತನದ ಹುಡುಗಿ ಆಕೆ. ಮಾನ್ವಿಯಲ್ಲಿ ಕೆಲಸ ಸಿಕ್ಕಿದಷ್ಟು ಸುಲಭವಾಗಿ ಮನೆ ಸಿಕ್ಕಿರಲಿಲ್ಲ. ಹೋದಲ್ಲೆಲ್ಲ ಮೊದಲು ಯಾವ ಊರು ಎಂದು ಕೇಳುತ್ತಿದ್ದರು, ಆಮೇಲೆ ಯಾವ ಜನ ಎಂದು. ಆಮೇಲೆ ಮನೆ ಬೇರೆಯವರಿಗೆ ಮಾತಾಗಿದೆ ಎನ್ನುತ್ತಿದ್ದರು. ಆಕೆ ಆಸ್ಪತ್ರೆಯ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿ ಇದ್ದಳು.

"ನಮ್ಮ ಅಟ್ಟ ಅದ. ರೂಮ್ ಮಾಡಿಸಿ ಕೊಡ್ತೀನಿ," ಎಂದು ಸೂಗಮ್ಮ ಅಲ್ಲೇ ಮಾತು ಕೊಟ್ಟಳು.

ಅವಳ ಗಂಡ ರಾಮಲಿಂಗಪ್ಪ ಅಕ್ಕಿ ವ್ಯಾಪಾರಿ. ಮನೆ ಅವನ ತಂದೆ ಕಟ್ಟಿಸಿದ್ದು. ಎರಡು ಕಡೆಗೂ ಇಳಿಜಾರಾಗಿ ಮಂಗಳೂರು ಹಂಚು ಹೊದಿಸಿದ ಎತ್ತರದ ಸೂರು. ಅದರ ಕೆಳಗೆ ಹಲಗೆ ಹಾಸಿದ ಅಟ್ಟದಲ್ಲಿ ಹಳೆಯ ಚೀಲಗಳು, ಮುರಿದ ತೊಟ್ಟಿಲು. ಬೇಸಿಗೆಯಲ್ಲಿ ಅಲ್ಲಿಗೆ ಬೆಕ್ಕೂ ಹತ್ತುತ್ತಿರಲಿಲ್ಲ.

ರಾಯಚೂರಿನಿಂದ ಬಡಗಿ ಖಾಸಿಂ ಸಾಬ್ ಬಂದ. ಒಳಗಿನ ಏಣಿ ಹತ್ತಿ, ಸೂರಿನ ಜಂತಿಗಳನ್ನು ಒಂದೊಂದಾಗಿ ಬಡಿದು ನೋಡಿ ಇಳಿದ.

"ಜಂತಿ ನಡುವ ಬಾಗ್ಯಾವ್ರಿ. ಪ್ರತಿಯೊಂದರ ಮಗ್ಗಲ ಇನ್ನೊಂದು ಜೋಡಿ ಮಾಡಿ ಬೋಲ್ಟ್ ಹಾಕ್ಬೇಕು. ಅದರ ಮ್ಯಾಲ ಬಿಸಿಲಿಂದು. ಹಂಚು ಬಿಸಿಲು ಕುಡಿದು ಕೆಳಗ ಉಗುಳ್ತಾವ. ನಡುವ ಏನರ ತುಂಬಬೇಕ್ರಿ ಅಮ್ಮಾ."

ಮಾನ್ವಿಯಲ್ಲಿ ಭತ್ತದ ಹೊಟ್ಟಿಗೆ ಕೊರತೆಯೇ? ಗಿರಣಿಯಿಂದ ಬಂಡಿಗಟ್ಟಲೆ ಬಂತು. ಜಂತಿಗಳ ಕೆಳಗೆ ಬಿದಿರಿನ ತಟ್ಟಿ ಬಿಗಿದು, ಅದರ ಮೇಲೆ ಸುಣ್ಣ, ಬೇವಿನ ಸೊಪ್ಪು ಕಲಸಿದ ಹೊಟ್ಟು ತುಂಬಿ, ಗಾಳಿ ಆಡಲು ಹಂಚಿನ ಕೆಳಗೆ ಅಂಗೈ ಅಗಲ ಜಾಗ ಬಿಡಬೇಕೆಂದು ಖಾಸಿಂ ಸಾಬ್ ಹೇಳಿದ. ಹೊಟ್ಟು ಕಲಸುವ ಕೆಲಸವನ್ನು ಸೂಗಮ್ಮ ಆಳಿಗೆ ಬಿಡಲಿಲ್ಲ. ಸೀರೆ ಮೇಲಕ್ಕೆ ಕಟ್ಟಿ ತಾನೇ ಕೂತಳು. ಸುಣ್ಣ ಬೆರಳ ಸಂದಿಯನ್ನು ಸುಟ್ಟಿತು. ಹುಡುಗಿ ರಾತ್ರಿ ಡ್ಯೂಟಿ ಮುಗಿಸಿ ಬಂದು ಹಗಲು ಮಲಗುವವಳು, ತಣ್ಣಗಿರಬೇಕು ಎಂದು ಮತ್ತೆ ಕೈ ಹಾಕಿದಳು. ಆ ಅಕ್ಕರೆ ಸುಳ್ಳಾಗಿರಲಿಲ್ಲ.

ಕೆಲಸ ಮುಗಿಯುತ್ತ ಬಂದಾಗ ಖಾಸಿಂ ಸಾಬ್ ಕೇಳಿದ. "ಏಣಿ ತೆಗೆದು ಪಡಸಾಲಿಯಿಂದ್ಲೇ ಕಟ್ಟಿಗಿ ಮೆಟ್ಲ ಮಾಡ್ಲೇನ್ರಿ? ಅಟ್ಟಕ್ಕ ಬಾಯಿ ಮೊದಲಿಂದ ಅದ."

ಪಡಸಾಲೆಯ ಒಂದು ಮಗ್ಗುಲಿಗೆ ದೇವರ ಮನೆ, ಇನ್ನೊಂದು ಮಗ್ಗುಲಿಗೆ ಅಡುಗೆ ಮನೆ. ರಾಮಲಿಂಗಪ್ಪ ಹೆಂಡತಿಯ ಮುಖ ನೋಡಿದ. ಅವಳು ಅವನ ಮುಖ ನೋಡಿದಳು.

"ಆ ಬಾಯಿ ಮುಚ್ಚಿಬಿಡು," ಎಂದ ರಾಮಲಿಂಗಪ್ಪ. "ಓಣಿ ಕಡಿ ಗ್ವಾಡಿ ಒಡೆದು ಹೊರಗಿಂದ ಮೆಟ್ಲ ಕಟ್ಟು. ಆಕಿಗೆ ರಾತ್ರಿ ಡ್ಯೂಟಿ ಇರ್ತದ. ಯಾವಾಗ ಬೇಕಾದ್ರ ಬರಬಹುದು, ಹೋಗಬಹುದು."

"ಹೌದು, ಆಕಿಗೇ ಅನುಕೂಲ," ಎಂದಳು ಸೂಗಮ್ಮ, ಸ್ವಲ್ಪ ಬೇಗನೇ.

ಖಾಸಿಂ ಸಾಬ್ ಅಟ್ಟದ ಬಾಯಿಗೆ ಹಲಗೆ ಇಟ್ಟು ಮೊಳೆ ಹೊಡೆದ.

ಆದೆಮ್ಮ ತಾಯಿ ಗದ್ದೆಮ್ಮನ ಜೊತೆ ಟ್ರಂಕು ಹೊತ್ತು ಬಂದಳು. ತಟ್ಟಿಯ ಮೇಲೆ ಬಳಿದ ಸುಣ್ಣವನ್ನೂ ಕಿಟಕಿಯನ್ನೂ ನೋಡಿ ಗದ್ದೆಮ್ಮ ಬಾಯಿ ತೆರೆದು ನಿಂತಳು. "ಮೆಟ್ಲ ಸೈತ ನನಗಂತನೇ ಬ್ಯಾರೆ ಕಟ್ಟಿಸ್ಯಾರ ನೋಡವ್ವಾ, ಡ್ಯೂಟಿಗೆ ಅನುಕೂಲ ಆಗ್ಲಿ ಅಂತ," ಎಂದು ಆದೆಮ್ಮ ಹೇಳುವುದು ಕೆಳಗಿನ ಓಣಿಗೂ ಕೇಳಿಸಿತು. ಸೂಗಮ್ಮನಿಗೂ ಕೇಳಿಸಿತು. ಅವಳು ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು.

ಎರಡು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಆದೆಮ್ಮ ಓಣಿಯಿಂದಲೇ ಕೂಗಿ ಮಗುವಿನ ಕ್ಷೇಮ ಕೇಳುವಳು, ಸೂಗಮ್ಮ ಬಾಗಿಲಲ್ಲಿ ನಿಂತು ಉತ್ತರಿಸುವಳು.

ಒಂದು ಮಧ್ಯಾಹ್ನ ಎದುರುಮನೆಯ ಶೇಖಮ್ಮ ಬಂದು ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡಳು.

"ಅಲ್ಲಬೇ ಸೂಗಮ್ಮ, ಅಂಥವರನ್ನ ಮನ್ಯಾಗ ಹ್ಯಾಂಗ ಇಟಗೊಂಡಿ? ದೇವರ ಮನಿ ಇಲ್ಲೇ ಅದ."

"ಮನ್ಯಾಗ ಎಲ್ಲಿ ಇಟಗೊಂಡೀನಿ?" ಸೂಗಮ್ಮನ ಬಾಯಿಂದ ಮಾತು ತಾನಾಗಿಯೇ ಬಂತು. "ಅದಕ್ಕಂತನೇ ಹೊರಗ ಮೆಟ್ಲ ಕಟ್ಟಿಸೀವಿ. ಆಕಿ ಒಂದಿನಾನೂ ನಮ್ಮ ಹೊಸ್ತಿಲ ದಾಟಿಲ್ಲ."

ಮೇಲೆ ಸದ್ದಾಯಿತು. ಹಲಗೆ ಮುಚ್ಚಿದ ಅಟ್ಟದ ಬಾಯಿಯ ಹತ್ತಿರದಿಂದ ಯಾರೋ ಮಂಚವನ್ನು ನಿಧಾನವಾಗಿ ದೂರ ಎಳೆಯುತ್ತಿದ್ದರು. ಆದೆಮ್ಮ ಅವತ್ತು ಹಗಲು ಡ್ಯೂಟಿಗೆ ಹೋಗಿದ್ದಾಳೆಂದೇ ಸೂಗಮ್ಮ ತಿಳಿದಿದ್ದಳು. ಸೂರಿಗೆಲ್ಲ ಹೊಟ್ಟು ತುಂಬಿಸಿದ್ದರು. ಅಟ್ಟದ ನೆಲಕ್ಕೆ ಮಾತ್ರ ಬರೀ ಹಲಗೆ, ಕೆಳಗಿನ ಮಾತು ಮೇಲೆ ಕೇಳುತ್ತಿತ್ತು.

ಶೇಖಮ್ಮ ಮೇಲೆ ನೋಡಿ, ಎಲೆ ಉಗುಳುವ ನೆಪದಲ್ಲಿ ಎದ್ದು ಹೋದಳು. ಸೂಗಮ್ಮ ಕೂತಲ್ಲೇ ಕೂತಳು. ಕಿವಿಯಿಂದ ಕುತ್ತಿಗೆಯವರೆಗೆ ಬಿಸಿಯಾಯಿತು. ಆದೆಮ್ಮ ಇಳಿದು ಬಂದು ಬೈದಿದ್ದರೆ ಒಳ್ಳೆಯದಿತ್ತು. ಸಂಜೆ ಆಕೆ ಎಂದಿನಂತೆ ಓಣಿಯಲ್ಲಿ ನಿಂತು, "ಊಟ ಆತೇನ್ರಿ?" ಎಂದು ಕೇಳಿ ಆಸ್ಪತ್ರೆಗೆ ಹೊರಟಳು.

ಅದೇ ವಾರ ಮಗುವಿಗೆ ಜ್ವರ ಬಂತು. "ಆದೆಮ್ಮನ್ನ ಕರಿಯವ್ವಾ," ಎಂದು ಗೋಪಮ್ಮ ಅಳತೊಡಗಿದಳು. ಯಾವ ಮುಖ ಹೊತ್ತು ಕರೆಯುವುದು? ಮಗುವಿನ ಮೈ ಕಾಯುತ್ತಿತ್ತು. ಸೂಗಮ್ಮ ಓಣಿಗೆ ಬಂದು, ತಾನೇ ಕಟ್ಟಿಸಿದ ಮೆಟ್ಟಿಲನ್ನು ಮೊದಲ ಸಲ ಹತ್ತಿದಳು.

ಆದೆಮ್ಮ ಕೂಡಲೇ ಇಳಿದು ಬಂದಳು. ಆದರೆ ಮುಂಬಾಗಿಲ ಕಟ್ಟೆಯ ಹತ್ತಿರ ನಿಂತುಬಿಟ್ಟಳು. "ಕೂಸಿನ ಇಲ್ಲೇ ತರ್ರಿ. ಬೆಳಕಿನಾಗ ನೋಡ್ತೀನಿ."

"ಒಳಗ ಬಾ ಯವ್ವಾ."

"ಬ್ಯಾಡ್ರಿ. ಇಲ್ಲೇ ಛಲೋ ಅದ."

ಓಣಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು. ಆದೆಮ್ಮ ಕಟ್ಟೆಯ ಮೇಲೆ ಕೂತು ಮಗುವನ್ನು ತೊಡೆಯ ಮೇಲೆ ಮಲಗಿಸಿ ಎದೆ, ಗಂಟಲು ನೋಡಿದಳು. ಒದ್ದೆ ಬಟ್ಟೆಯಿಂದ ಮೈ ಒರೆಸಿ ಔಷಧಿ ಕುಡಿಸಿದಳು. ಗೋಪಮ್ಮ ಮಗುವನ್ನು ಒಳಗೆ ಒಯ್ದ ಮೇಲೆ ಸೂಗಮ್ಮ ಮೆಲ್ಲಗೆ, "ಅವತ್ತಿನ ಮಾತು ನೀ ಕೇಳಿದಿ," ಎಂದಳು.

"ಕೇಳಿದೆ."

"ತಪ್ಪಾತು ನನ್ನವ್ವಾ."

ಆದೆಮ್ಮ ಒದ್ದೆ ಬಟ್ಟೆಯನ್ನು ಹಿಂಡಿದಳು. "ಅಂಥ ಮಾತು ಹುಟ್ಟಿದಾಗಿಂದ ಕೇಳೀನ್ರಿ. ಡ್ಯೂಟಿಗೆ ಅನುಕೂಲ ಅಂದಿದ್ರಲ್ಲ, ಅದನ್ನ ನಾ ನಂಬಿದ್ದೆ. ನಮ್ಮವ್ವನ ಮುಂದ ಹೇಳಿದ್ದೆ. ಆಕಿ ಊರತುಂಬ ಹೇಳ್ಯಾಳ. ಅದೊಂದಕ್ಕ ನನಗ ನಾಚಿಕಿ ಬರ್ತದ." ಬಟ್ಟೆಯನ್ನು ಕಟ್ಟೆಯ ಮೇಲೆ ಹರವಿ ಮೆಟ್ಟಿಲ ಕಡೆಗೆ ನಡೆದಳು.

ಸೂಗಮ್ಮ ಮರುದಿನವೇ ಖಾಸಿಂ ಸಾಬ್‌ಗೆ ಹೇಳಿ ಕಳಿಸಿದಳು. "ಮಂದಿ ಏನಂದಾರು?" ಎಂದು ರಾಮಲಿಂಗಪ್ಪ ಗೊಣಗಿದ. "ಅದನ್ನ ಕೇಳಿ ಕೇಳಿನೇ ಇಲ್ಲಿ ತನಕ ಬಂದೀವಿ," ಎಂದಳು ಅವಳು. ಮೊಳೆಗಳನ್ನು ಕಿತ್ತು, ಹಲಗೆ ಎತ್ತಿ, ಮೊದಲಿನ ಏಣಿಯನ್ನೇ ಬಾಯಿಗೆ ಆನಿಸಿ ಕಟ್ಟಿದರು. ಆದೆಮ್ಮ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಆಕೆ ಒಮ್ಮೆಯೂ ಆ ಏಣಿಯಿಂದ ಇಳಿಯಲಿಲ್ಲ. ಹೊರಗಿನಿಂದಲೇ ಹತ್ತಿ, ಹೊರಗಿನಿಂದಲೇ ಇಳಿಯುತ್ತಿದ್ದಳು.

ಹಲವು ದಿನ ಕಾದು ಸೂಗಮ್ಮ ತಾನೇ ಏಣಿ ಹತ್ತಿದಳು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಅಟ್ಟದ ಒಳಗೆ ತಂಪಿತ್ತು. ಆದೆಮ್ಮ ಚಾಪೆ ಹಾಸಿದಳು, ಸ್ಟೋವ್ ಹಚ್ಚಿ ಚಹಾ ಮಾಡಿದಳು. ಕಪ್ಪನ್ನು ಕೈಗೆ ಕೊಡಲಿಲ್ಲ, ಚಾಪೆಯ ಮೇಲಿಟ್ಟಳು. ಸೂಗಮ್ಮ ಎತ್ತಿ ಕುಡಿದಳು. ದೊಡ್ಡದೊಂದು ಕೆಲಸ ಮಾಡಿದೆನೆಂಬ ಸಮಾಧಾನ ಮನಸ್ಸಿನಲ್ಲಿ ಮೂಡುತ್ತಿತ್ತು.

"ನೀವು ಇಲ್ಲಿ ಬಂದಿದ್ದು ಶೇಖಮ್ಮಗ ಗೊತ್ತದ ಏನ್ರಿ?" ಆದೆಮ್ಮ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಸೂಗಮ್ಮ ಅರ್ಧ ಕುಡಿದ ಕಪ್ಪನ್ನು ಕೆಳಗಿಟ್ಟಳು. ಒಳಗಿನಿಂದ ಬಂದರೆ ಯಾರಿಗೂ ಕಾಣುವುದಿಲ್ಲ. ಏಣಿ ಹತ್ತುವಾಗ ಅದು ತನಗೆ ಹೊಳೆದಿರಲಿಲ್ಲ ಎಂದು ಹೇಳಬಹುದಿತ್ತು. ಹೊಳೆದಿತ್ತು. ಅದಕ್ಕೆಂದೇ ಮುಂಬಾಗಿಲ ಅಗಳಿ ಹಾಕಿ ಹತ್ತಿದ್ದಳು.

ಚಹಾ ಮುಗಿಸಿದಳು. ಕಪ್ಪನ್ನು ತೊಳೆದಿಟ್ಟಳು. ಎದ್ದು ಓಣಿ ಕಡೆಯ ಬಾಗಿಲು ತೆರೆದು ಮೆಟ್ಟಿಲು ಇಳಿಯತೊಡಗಿದಳು. ಎದುರಿನ ಕಟ್ಟೆಯಲ್ಲಿ ಶೇಖಮ್ಮ ಅಕ್ಕಿ ಆರಿಸುತ್ತಿದ್ದಳು.

"ಮ್ಯಾಲ ಯಾಕ ಹೋಗಿದ್ದಿಬೇ?"

"ಚಾ ಕುಡಿಯಾಕ."

ದನಿ ಹೊರಗೆ ಬಂದಿರಲಿಲ್ಲ.

"ಏನಂದಿ?"

ಸೂಗಮ್ಮ ಮೆಟ್ಟಿಲ ಮೇಲೆಯೇ ನಿಂತಳು. "ಚಾ ಕುಡಿಯಾಕ ಹೋಗಿದ್ದೆ. ಆದೆಮ್ಮ ಮಾಡಿದ ಚಾ," ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು.

ಶೇಖಮ್ಮ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಸೂಗಮ್ಮನ ಮುಖ ಉರಿಯುತ್ತಲೇ ಇತ್ತು. ಇಷ್ಟು ಸಣ್ಣ ಮಾತನ್ನು ಹೇಳಲು ತನಗೆ ಇಷ್ಟು ಧೈರ್ಯ ಬೇಕಾಯಿತಲ್ಲ ಎಂಬುದೇ ಆಗ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗಿ ಕಂಡಿತು.