ಸೋರೆಬುರುಡೆಯ ನೀರು

ತನ್ನ ಕೂಸನ್ನು ಎಡಗೈಯಲ್ಲಿ ಎದೆಗವಚಿಕೊಂಡು ಲುಯಾಂಡೊ ಬಲಗೈಯ ಇಕ್ಕಳದಿಂದ ಒಲೆಯ ಕೆಂಡ ಎತ್ತಿದಳು. ಹೊರಗೆ ಸಾವಿನ ಡೋಲು ಬಡಿಯುತ್ತಿತ್ತು. ಒಳಗೆ ಚಾಪೆಯ ಮೇಲೆ ಅವಳ ತಾಯಿ ನಮೂಂಗಾಳ ಹೆಣವನ್ನು ಮುಖ ಮುಚ್ಚಿ ಮಲಗಿಸಿದ್ದರು. ಹೆಣ ಎತ್ತುವ ತನಕ ಹೆಂಗಸರು ಗುಡಿಸಲು ಬಿಟ್ಟು ಏಳುವಂತಿರಲಿಲ್ಲ, ಹಸುಗೂಸಿಗೂ ವಿನಾಯಿತಿಯಿಲ್ಲ.

“ಬೇಗ ತಾರೇ. ನಿಮ್ಮವ್ವನ ಕೈ ಇಷ್ಟು ನಿಧಾನ ಇರ್ಲಿಲ್ಲ,” ಎಂದಳು ಅಜ್ಜಿ ಬಿನಾ ಮುನ್ಸಾಕ. ಸತ್ತವಳ ಅತ್ತೆ. ಸೋರೆಬುರುಡೆಯ ಉದ್ದನೆಯ ಹುಕ್ಕ ಅವಳ ತೊಡೆಯ ಮೇಲಿತ್ತು.

ಲುಯಾಂಡೊ ಕೆಂಡವಿಟ್ಟಳು. ಬುರುಡೆಯ ನೀರು ಗೊಳಗೊಳ ಎಂದಿತು. ಹೊಗೆ ಸೂರಿಗೆ ತಾಗಿ ಕೆಳಗಿಳಿಯಿತು.

“ಒಂದು ದಿನಾನೂ ಬಾಯಿಗಿಟ್ಟೋಳಲ್ಲ. ಅವಳ ಎದೆ ಹೆಂಗೆ ಸುಟ್ಟೋಯ್ತು?” ಎಂದಳು ಸೋದರತ್ತೆ ಚೀಲೊ. “ಯಾರೋ ಮಾಟ ಮಾಡಿಸಿದಾರೆ.”

“ಮಾಡ್ಸೋಕೆ ಅವಳ ಹತ್ರ ಏನಿತ್ತೇ? ಎರಡು ಮೇಕೆ, ಒಂದು ಕೆಮ್ಮು,” ಎಂದಳು ಮೂಲೆಯ ಮುದುಕಿ. ಯಾರೋ ಕಿಸಕ್ಕೆಂದು, ಹೆಣ ನೋಡಿ ಸುಮ್ಮನಾದರು.

ಕೂಸು ಕೆಮ್ಮಿತು.

*

ಕಳೆದ ಸುಗ್ಗಿಯಲ್ಲಿ ತಾಯಿಯ ಕೆಮ್ಮು ತೋರಿಸಲು ಲುಯಾಂಡೊ ಕರೆದೊಯ್ದಾಗ ಆಸ್ಪತ್ರೆಯ ನರ್ಸಮ್ಮ ಕೇಳಿದ್ದಳು: “ಮನೇಲಿ ಯಾರು ಸೇದ್ತಾರೆ?”

“ನಮ್ಮತ್ತೆ. ಆದ್ರೆ ಅದು ನೀರಲ್ಲಿ ತೊಳೆದು ಬರೋ ಹೊಗೆ ತಾಯಿ, ಏನೂ ಆಗಲ್ಲ,” ಎಂದು ನಮೂಂಗಾ ನಕ್ಕಿದ್ದಳು. ಮದುವೆಯಾಗಿ ಬಂದಂದಿನಿಂದ ದಿನವೂ ಕೆಂಡವಿಟ್ಟು, ಹೊತ್ತುವ ತನಕ ಬಾಗಿ ಊದಿದವಳು ಅವಳೇ.

“ನೀರು ಏನೂ ತೊಳೆಯಲ್ಲಮ್ಮ. ಪಕ್ಕದಲ್ಲಿ ಕೂತೋರ ಎದೆಗೂ ಅದೇ ವಿಷ. ಮೊಮ್ಮಗೂನೂ ಅಲ್ಲೇ ಮಲಗಿಸ್ತೀರಾ?”

ನಮೂಂಗಾಳ ನಗು ನಿಂತಿತು. ಮನೆಯ ಅಂಗಳಕ್ಕೆ ಬಂದಾಗ ಮಗಳಿಗೆ, “ಅಜ್ಜಿಗೆ ಹೇಳ್ಬೇಡ ಕಣೇ. ಅದಕ್ಕೆ ಇರೋದು ಅದೊಂದೇ ಸುಖ,” ಎಂದಳು. ಸಂಜೆ ಎಂದಿನಂತೆ ಕೆಂಡ ಊದಿದಳು. ಆಮೇಲೆ ಎದ್ದು, ಕೂಸಿನ ಚಾಪೆಯನ್ನು ಬಾಗಿಲ ಬಳಿಗೆ ಎಳೆದು ಹಾಸಿದಳು.

*

ಹುಕ್ಕ ಆರಿತು. ಅಜ್ಜಿ ಅದನ್ನು ಚಾಚಿದಳು.

“ಇನ್ನೊಂದು ಕೆಂಡ. ಇವತ್ತಿಂದ ಈ ಕೆಲ್ಸ ನಿಂದೇ.”

ಕೂಸು ಮತ್ತೆ ಕೆಮ್ಮಿತು. ಲುಯಾಂಡೊ ಇಕ್ಕಳದಲ್ಲಿ ಕೆಂಡ ಎತ್ತಿ ಹಿಡಿದುಕೊಂಡು ನಿಂತೇ ಇದ್ದಳು. ಆಮೇಲೆ ಅದನ್ನು ನೀರಿನ ಮಡಕೆಯೊಳಕ್ಕೆ ಬಿಟ್ಟಳು. ಚುಂಯ್ ಎಂದಿತು.

“ಇಲ್ಲ ಅಜ್ಜಿ.”

“ಹೆಣದ ಮುಂದೆ ಎದುರಾಡ್ತೀಯೇನೇ!” ಚೀಲೊ ಅರ್ಧ ಎದ್ದಳು. ಅಜ್ಜಿ ಹುಕ್ಕವನ್ನು ನೆಲಕ್ಕೊರಗಿಸಿ ಕೈ ಹಿಂದೆ ತೆಗೆದುಕೊಂಡಳು.

ಗುಂಡಿ ತೋಡುವವರು ಕರೆದರೇನೋ, ಹೊರಗೆ ಡೋಲು ನಿಂತಿತು.

ಆ ಮೌನದಲ್ಲಿ ಗೊಳಗೊಳ ಸದ್ದು ಕೇಳಿಸಿತು. ಹೆಂಗಸರೆಲ್ಲ ಹುಕ್ಕದ ಕಡೆ ತಿರುಗಿದರು. ಅದು ತಣ್ಣಗೆ ನೆಲದ ಮೇಲೆ ಬಿದ್ದಿತ್ತು. ಅಜ್ಜಿ ಮಾತ್ರ ಅತ್ತ ನೋಡದೆ, ಕೈ ಚಾಚಿ, ಉಸಿರೆಳೆದಾಗಲೆಲ್ಲ ಆ ಸದ್ದು ಮಾಡುತ್ತಿದ್ದ ಕೂಸಿನ ಬೆನ್ನ ಮೇಲಿಟ್ಟಳು.