ಹಿಟ್ಟಿಗೆ ಬಂದ ಇರುವೆ, ಹಾಸಿಗೆಗೆ ಬಂದ ಇರುವೆ

ನಮ್ಮವ್ವ ಇರುವೆಯಾಗಿ ಹುಟ್ಟಿದ್ದಾಳೆ ಎಂದು ಕಮಲಾಪುರದ ಮನೆಯಲ್ಲಿ ತೀರ್ಮಾನವಾದದ್ದು ಅವಳು ಸತ್ತ ಹತ್ತನೆಯ ದಿನ ಬೆಳಿಗ್ಗೆ. ನಮ್ಮಲ್ಲಿ ಜೀವ ಹೋದ ಜಾಗದಲ್ಲಿ ಹಿಟ್ಟು ಹರಡಿ, ಪಕ್ಕದಲ್ಲಿ ದೀಪ ಇಟ್ಟು, ಹಿಟ್ಟಿನ ಮೇಲೆ ಬುಟ್ಟಿ ಕವುಚುತ್ತಾರೆ. ಹತ್ತನೆಯ ದಿನ ಬುಟ್ಟಿ ಎತ್ತಿ ಯಾವ ಹೆಜ್ಜೆ ಮೂಡಿದೆ ಎಂದು ನೋಡುತ್ತಾರೆ. ಹಕ್ಕಿಯ ಕಾಲು ಕಂಡರೆ ಸತ್ತವರು ಹಕ್ಕಿಯಾದರು, ಗೆರೆ ಎಳೆದಂತಿದ್ದರೆ ಹಾವಾದರು. ಅವ್ವನ ಹಿಟ್ಟಿನಲ್ಲಿ ಹೆಜ್ಜೆ ಹುಡುಕುವ ಕಷ್ಟವೇ ಬೀಳಲಿಲ್ಲ. ದಪ್ಪ ತಲೆಯ ಕಂದು ಇರುವೆಗಳು ಹಿಟ್ಟಿನ ಕಣ ಕಚ್ಚಿಕೊಂಡು ಸಾಲಾಗಿ ಹೊರಟಿದ್ದವು.

"ಅತ್ತೀ!" ಎಂದು ತಮ್ಮನ ಹೆಂಡತಿ ಪಾರ್ವತೀಬಾಯಿ ಹಣೆ ನೆಲಕ್ಕೆ ಹಚ್ಚಿದಳು.

ನನಗೆ ಮೈ ಉರಿಯಿತು. "ಹಿಟ್ಟು ಚೆಲ್ಲಿದ ಮ್ಯಾಲೆ ಇರವಿ ಬರಲಾರದ ಆನಿ ಬರ್ತಾವೇನು?" ಎಂದೆ.

ಮನೆ ತುಂಬ ನೆಂಟರು. ಎಲ್ಲರೂ ನನ್ನನ್ನು ತಿನ್ನುವಂತೆ ನೋಡಿದರು. ತಮ್ಮ ಜಯತೀರ್ಥ ಮೆಲ್ಲಗೆ, "ಅಕ್ಕಾ, ಇವತ್ತರೆ ಸುಮ್ನಿರ" ಎಂದ. ಆ ಸಿಟ್ಟಿನಲ್ಲಿ ನನಗೆ ಅಳು ಕೂಡ ಬರಲಿಲ್ಲ. ಊಟ ಮುಗಿದದ್ದೇ ಕಲಬುರಗಿಯ ಬಸ್ಸು ಹತ್ತಿದೆ.

ಇದು ೧೯೮೮ರ ಮಾತು. ನಾನು ಇಂದೂಬಾಯಿ, ಕಲಬುರಗಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಮಾಸ್ತರಬಾಯಿ. ಪ್ರತಿ ವರ್ಷ ಏಳನೆಯ ಇಯತ್ತೆಯ ಹುಡುಗಿಯರಿಗೆ ಖಾಲಿ ಕಡ್ಡಿಪೆಟ್ಟಿಗೆ ಕೊಟ್ಟು ಇರುವೆ ಹಿಡಿದು ತರಲು ಹೇಳುತ್ತಿದ್ದೆ. ಕೋಟೆಯ ಬೇವಿನ ಮರದ ಕರೀ ಗೊದ್ದ ತರುತ್ತಿದ್ದರು, ರೋಜಾ ಬಡಾವಣೆಯ ಮಿಠಾಯಿ ಅಂಗಡಿ ಮುಂದಿನ ಕಚ್ಚುವ ಕೆಂಪಿರುವೆ ತರುತ್ತಿದ್ದರು, ಹೊಲದಿಂದ ಕಾಳು ಹೊರುವ ಕಂದು ಇರುವೆ ತರುತ್ತಿದ್ದರು. ಬೆನ್ನ ಹಿಂದೆ ನನ್ನನ್ನು "ಇರವಿ ಬಾಯಿ" ಅನ್ನುತ್ತಿದ್ದರು. ಅನ್ನಲಿ. ಯಾವ ಇರುವೆ ಏನು ತಿನ್ನುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ ಎಂಬುದು ನನ್ನ ಹುಡುಗಿಯರಿಗೆ ಬಾಯಿಪಾಠವಾಗಿತ್ತು.

ಅವ್ವನಿಗೆ ಸಕ್ಕರೆ ಕಾಯಿಲೆ. ಅವಳ ಬಾಯಿಗೆ ಬೀಗ ಹಾಕಿದವಳೂ ನಾನೇ. ಹೋಳಿಗೆ ಇಲ್ಲ, ಕಮಲಾಪುರದ ಕೆಂಪು ಬಾಳೆಹಣ್ಣು ಇಲ್ಲ, ಚಹಾಕ್ಕೆ ಸಕ್ಕರೆ ಇಲ್ಲ. "ನೀ ನನ್ನ ಅವ್ವ ಏನು, ನಾ ನಿನ್ನ ಅವ್ವ ಏನು?" ಎಂದು ನಗುತ್ತಿದ್ದಳು. ಬಾಯಿ ಕಟ್ಟಿದಳು, ಆದರೆ ಸೂಜಿಗೆ ಮಾತ್ರ ಒಪ್ಪಲಿಲ್ಲ. ಸೂಜಿ ಕಂಡರೆ ಸಣ್ಣ ಕೂಸಿನಂತೆ ಅಡುಗೆಮನೆಯ ಮೂಲೆ ಸೇರುತ್ತಿದ್ದಳು. ಕೊನೆಗೆ ಕಾಲಿನ ಹುಣ್ಣು ಮಾಯದೆ ಹೋದಳು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಜಯತೀರ್ಥ ನನ್ನ ಮನೆಗೆ ಬಂದ. ತಾನು ಕೆಲಸ ಮಾಡುವ ಪೋಸ್ಟ್ ಆಫೀಸಿನಿಂದ ನೆಟ್ಟಗೆ ಬಸ್ಸು ಹತ್ತಿದ್ದನಂತೆ, ಮುಖ ಬಾಡಿತ್ತು.

"ಅಕ್ಕಾ, ಅವ್ವ ನಮ್ಮ ಮಂದಾನ ಬೆನ್ನು ಹತ್ಯಾಳ" ಎಂದ.

ಮಂದಾಕಿನಿ ಅವನ ಒಬ್ಬಳೇ ಮಗಳು, ಎಂಟು ವರ್ಷದವಳು. ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು.

"ದಿನಾ ಅಕಿ ಹಾಸಿಗಿಗಿ ಇರವಿ ಸಾಲು ಬರಾಕತ್ತಾವ. ಕೂಸು ತಂಬಿಗಿಗಟ್ಟಲೆ ನೀರು ಕುಡೀತದ, ಎಷ್ಟು ತಿಂದ್ರೂ ಒಣಗ್ಲಿಕತ್ತದ. ಅವ್ವ ಕಡೀಕ ನೀರು ನೀರು ಅಂದಿದ್ಲಲ್ಲ, ಅದೇ ನೀರಡಿಕಿ. ಗುರುವಾರ ಗಾಣಗಾಪುರದ ಗುಡಿಗಿ ಕರಕೊಂಡು ಹೊಂಟೀವಿ. ಗಾಳಿ ಬಿಡೂತನ ಅಲ್ಲೇ ಇರ್ತೀವಿ. ನೀನೂ ಬಾ."

"ಡಾಕ್ಟರಿಗೆ ತೋರ್ಸಿದ್ರೇನು?"

"ಜಂತು ಅಂದ್ರು, ಔಷಧ ಕೊಟ್ರು. ಜಂತು ಆದ್ರ ಇರವಿ ಯಾಕ ಬರ್ತಾವಕ್ಕಾ?"

ಅವನನ್ನು ಚೆನ್ನಾಗಿ ಬೈದೆ. ಮರುದಿನ ಶಾಲೆಗೆ ರಜಾ ಹಾಕಿ ಅವನ ಜೊತೆ ಮೊದಲ ಬಸ್ಸಿಗೇ ಹೊರಟೆ.

ಮಂದಾಳನ್ನು ಕಂಡು ನನಗೆ ಬೈಯುವುದು ಮರೆತುಹೋಯಿತು. ಫ್ರಾಕಿನೊಳಗೆ ಎಲುಬು ಬಿಟ್ಟರೆ ಏನೂ ಇರಲಿಲ್ಲ. ಪಾರ್ವತಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೆಂಪು ಬಾಳೆಹಣ್ಣು ಸಕ್ಕರೆಯಲ್ಲಿ ಕಿವುಚಿ ತಿನ್ನಿಸುತ್ತಿದ್ದಳು. ಪಕ್ಕದ ತಾಟಿನಲ್ಲಿ ಹೋಳಿಗೆ, ಬುಂದಿ ಲಾಡು. ಅವ್ವನಿಗೆ ನಾನು ಬಿಡಿಸಿದ್ದೆಲ್ಲ ಅಲ್ಲಿತ್ತು.

"ಏನಿದು ಪಾರೂ?"

"ಅತ್ತಿ ಆಸಿ ತೀರಲಿ ಅಂತ, ಇಂದಕ್ಕಾ." ಅವಳ ಕಣ್ಣು ತುಂಬಿತು. "ಸಿಟ್ಟಿಗೇಳಬ್ಯಾಡ್ರಿ. ನೀವು ಅವರ ಬಾಯಿ ಕಟ್ಟಿದ್ರಿ. ಈಗ ಕೂಸಿನ ಬಾಯಿಲೆ ಬೇಡ್ಲಿಕತ್ತಾರ. ಕೊಟ್ರ ಬಿಟ್ಟು ಹೋಗ್ತಾರ ಅಂತ ಕೊಡ್ತೀನಿ."

ಅವ್ವನ ಹುಣ್ಣು ತೊಳೆದವಳು ಅವಳು, ನಾನಲ್ಲ. ಅವಳ ಮಾತು ಎದೆಗೆ ನಾಟಿತು.

ಹಿಂದಿನ ಕೋಣೆಗೆ ಹೋದೆ. ಅವ್ವ ಜೀವ ಬಿಟ್ಟ ಕೋಣೆ. ಅವಳ ಮಂಚ ತೆಗೆದಿದ್ದರು. ಮಂಚದ ನಾಲ್ಕು ಕಾಲಿನ ಗುರುತು ಮಾತ್ರ ನೆಲದಲ್ಲಿ ಹಾಗೇ ಇತ್ತು, ಅದರ ನಡುವೆ ಮಂದಾಳ ಹಾಸಿಗೆ. ಇರುವೆ ತುಳಿಯಬಾರದು, ಗುಡಿಸಬಾರದು ಎಂದು ಪಾರ್ವತಿ ಕಟ್ಟಪ್ಪಣೆ ಮಾಡಿದ್ದಳಂತೆ. ಕಿಟಕಿ ಮುಚ್ಚಿತ್ತು. ಒಳಗೆ ಕಾಲಿಟ್ಟೆ ನೋಡಿ, ನನ್ನ ಮೈಮೇಲಿನ ಕೂದಲು ನಿಂತವು. ಅವ್ವನ ವಾಸನೆ! ಅವಳು ಸೀಸೆಯ ತಳದಲ್ಲಿ ಕಮಟು ಹಿಡಿದ ಕೊಬ್ಬರಿ ಎಣ್ಣೆಯನ್ನೂ ಚೆಲ್ಲದೆ ತಲೆಗೆ ಹಚ್ಚಿಕೊಳ್ಳುತ್ತಿದ್ದಳು. ಅದೇ ವಾಸನೆ, ಈಗಷ್ಟೇ ಎದ್ದು ಹೋದವಳ ದಿಂಬಿನಿಂದ ಬಂದಂತೆ ಬರುತ್ತಿತ್ತು.

"ಅವ್ವಾ?" ಅಂದುಬಿಟ್ಟೆ. ನಾನು! ಹತ್ತನೆಯ ದಿನ ಆನೆಯ ಮಾತಾಡಿದವಳು!

ಬಾಗಿಲಲ್ಲಿ ಮಂದಾ ನಿಂತಿದ್ದಳು. ಗೋಡೆ ಹಿಡಿದುಕೊಂಡೇ ಬಂದಿದ್ದಳು.

"ಹೌದು ಅತ್ಯಾ, ಅಜ್ಜಿ ಇಲ್ಲೇ ಇದ್ದಾಳ" ಎಂದಳು, ನನಗೆ ಧೈರ್ಯ ಹೇಳುವವಳಂತೆ. "ಕಾಲಿಗಿ ಕಚಗುಳಿ ಇಡ್ತಾಳ. ಹೊರಳಿದ್ರ ಘಮ್ ಅಂತ ಎಣ್ಣಿ ವಾಸನಿ ಬರ್ತದ."

ಹೊರಳಿದರೆ ವಾಸನೆ. ಆ ಮಾತು ಕಿವಿಗೆ ಬಿದ್ದದ್ದೇ ನಾನು ಮತ್ತೆ ಇರವಿ ಬಾಯಿಯಾದೆ. ಕಿಟಕಿ ತೆರೆದು ಮೊಣಕಾಲೂರಿ ಕೂತೆ. ಗೋಡೆಯ ಬಿರುಕಿನಿಂದ ಹಾಸಿಗೆಯ ಅಂಚಿಗೆ ಸಾಲು ಹಿಡಿದಿತ್ತು. ಹಿಟ್ಟಿನಲ್ಲಿ ಕಂಡ ದಪ್ಪ ತಲೆಯ ಕಂದು ಇರುವೆಗಳಲ್ಲ ಇವು. ಎಳ್ಳಿಗಿಂತ ಸಣ್ಣವು, ತಲೆ ಮಾತ್ರ ಕಪ್ಪು. ಹಿಂದಿನ ಮೈ ಬಿಳಿಚಿಕೊಂಡು ಇದ್ದೂ ಇಲ್ಲದಂತೆ ಕಾಣುತ್ತಿತ್ತು. ಒಂದನ್ನು ಬೆರಳಲ್ಲಿ ಹೊಸಕಿ ಮೂಸಿದೆ. ಕಮಟು ಕೊಬ್ಬರಿ.

ಅಡುಗೆಮನೆಗೆ ಓಡಿ ಚಿಟಿಕೆ ಹಿಟ್ಟು ತಂದು ಸಾಲಿನ ಅಡ್ಡಕ್ಕೆ ಹಾಕಿದೆ. ಅವು ಹಿಟ್ಟನ್ನು ಮೂಸಲೂ ಇಲ್ಲ, ಬಳಸಿಕೊಂಡು ನೆಟ್ಟಗೆ ಹಾಸಿಗೆಗೇ ಹೋದವು. ಕಾಳು ಹೊರುವ ಜಾತಿಗೆ ಹಿಟ್ಟು ಬೇಕು. ಈ ಜಾತಿಗೆ ಬೇಕಾದದ್ದು ಸಿಹಿ. ಇವನ್ನು ನಾನು ಈ ಮನೆಯಲ್ಲಿ ಮೊದಲೂ ಕಂಡಿದ್ದೆ, ಅವ್ವ ಬದುಕಿದ್ದಾಗ, ಬಚ್ಚಲ ಮೋರಿಯ ಬಾಯಲ್ಲಿ. "ನೋಡ ಇಂದೂ, ನನ್ನ ಸಕ್ರಿ ಲೂಟಿ ಮಾಡ್ಲಿಕತ್ತಾವ" ಎಂದು ಅವ್ವ ತಮಾಷೆ ಮಾಡಿದ್ದಳು.

"ಪಾರೂ!" ನನ್ನ ಕೂಗಿಗೆ ಅವಳು ತಾಟು ಹಿಡಿದೇ ಓಡಿ ಬಂದಳು. "ಕೂಸು ಹಾಸಿಗ್ಯಾಗ ಉಚ್ಚಿ ಹೊಯ್ಕೊಳ್ತದೇನು?"

ಅವಳು ತಲೆ ತಗ್ಗಿಸಿದಳು. "ಹೂಂನ್ರಿ. ದಿನಾ. ದೊಡ್ಡ ಹುಡಗಿ, ಮಂದಿ ನಗ್ತಾರಂತ ಇವರಿಗೂ ಹೇಳಿಲ್ಲ. ಬಿಸಲಿಗಿ ಒಣಗ್ಸಿ ಮತ್ತ ಹಾಸ್ತೀನಿ."

"ಅಜ್ಜಿಗಿದ್ದ ಕಾಯಿಲಿನೇ ಇಕಿಗೂ ಅದ, ಪಾರೂ. ಉಚ್ಚ್ಯಾಗ ಸಕ್ರಿ ಹೋಗ್ಲಿಕತ್ತದ, ಇರವಿ ಅದಕ್ಕ ಬರಾಕತ್ತಾವ. ನಡಿ, ದವಾಖಾನಿಗಿ!"

"ಅದು ಮುದುಕರ ರೋಗ ಅಲ್ಲೇನ್ರಿ ಇಂದಕ್ಕಾ? ಹಾಲುಗಲ್ಲದ ಕೂಸಿಗಿ..." ಎನ್ನುತ್ತಿದ್ದವಳು ಕೈಯಲ್ಲಿದ್ದ ತಾಟು ನೋಡಿದಳು. ಹೋಳಿಗೆ, ಲಾಡು, ಸಕ್ಕರೆಯ ಬಾಳೆಹಣ್ಣು. ತಾಟು ಕೈಜಾರಿತು. "ಅಯ್ಯೋ, ನನ್ನ ಕೈಯಾರೆ..." ಎಂದು ಬಾಯಿ ಬಡಿದುಕೊಂಡಳು.

"ಅಳೂದು ಆಮ್ಯಾಲೆ" ಎಂದು ಗದರಿದೆ. ಮಂದಾಳನ್ನು ಎತ್ತಿಕೊಂಡು ಬಾಗಿಲಿಗೆ ನಡೆದೆ.

ಬಸ್ಸಿನಲ್ಲಿ ಮಂದಾ ನನ್ನ ಭುಜಕ್ಕೆ ಒರಗಿದಳು. ಉಸಿರು ಜೋರಾಗಿ ಬರುತ್ತಿತ್ತು, ಅತಿಯಾಗಿ ಕಳಿತ ಹಣ್ಣಿನ ವಾಸನೆ ಹೊಡೆಯುತ್ತಿತ್ತು. ಕಲಬುರಗಿ ಬರುವಷ್ಟರಲ್ಲಿ ಕರೆದರೆ ಓ ಅನ್ನುತ್ತಿರಲಿಲ್ಲ. ಜಯತೀರ್ಥ ಎತ್ತಿಕೊಂಡು ಓಡಿದ. ಡಾಕ್ಟರ್ ಬುರ್ಹಾನುದ್ದೀನ್ ಅವಳ ಮೂತ್ರವನ್ನು ನೀಲಿ ಔಷಧದಲ್ಲಿ ಬೆರೆಸಿ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತಿದ್ದಂತೆ ಇಟ್ಟಿಗೆಯ ಕೆಂಪಾಯಿತು; ಸಕ್ಕರೆ ಅಷ್ಟಿತ್ತು.

"ಗುರುವಾರ ಎಲ್ಲೋ ಹೋಗೂರಿದ್ರಂತ" ಎಂದರು ಡಾಕ್ಟರು, ಸೂಜಿ ತುಂಬಿಸುತ್ತ. "ಗುರುವಾರದ ತನಕ ಕೂಸು ಉಳೀತಿದ್ದಿಲ್ಲ ಬಾಯೀ."

ಮೊದಮೊದಲು ವಾರ್ಡಿನ ಹಾಸಿಗೆಗೂ ಇರುವೆ ಬಂದವು. ಮಂದಾ ಕಣ್ಣು ಬಿಟ್ಟ ದಿನ ಅವನ್ನು ಕಂಡೇ ನಕ್ಕಳು. ಸೂಜಿಯ ಔಷಧ ಮೈಗೆ ಹತ್ತಿದಂತೆ ನೀರಡಿಕೆ ಇಳಿಯಿತು, ಕೆನ್ನೆಗೆ ರಂಗು ಬಂತು. ಇನ್ನು ಜೀವನವಿಡೀ ದಿನಾ ಸೂಜಿ ಎಂದು ಕೇಳಿ ಪಾರ್ವತಿ ಅತ್ತಳು, ಆಮೇಲೆ ತಾನೇ ಚುಚ್ಚಲು ಕಲಿತಳು. ನಾನಂತೂ ಗೆದ್ದವಳ ಹಾಗೆ ಓಡಾಡಿದೆ. ಎದುರು ಸಿಕ್ಕ ನೆಂಟರಿಗೆಲ್ಲ ಎರಡು ಇರುವೆಗಳ ವ್ಯತ್ಯಾಸ ಹೇಳಿದ್ದೇ ಹೇಳಿದ್ದು.

ಡಿಸ್ಚಾರ್ಜಿನ ದಿನ ಪಾರ್ವತಿ ಸಾಮಾನು ಕಟ್ಟುತ್ತಿದ್ದಳು. ಮಂದಾ ಮಂಚದಿಂದ ಇಳಿದು, ಬಗ್ಗಿ, ಗೋಡೆಯ ಬುಡ ನೋಡುತ್ತಿದ್ದಳು. ಹಾಸಿಗೆಯ ಅಂಚು ಎತ್ತಿ ನೋಡಿದಳು, ದಿಂಬು ಸರಿಸಿ ನೋಡಿದಳು. ಆಮೇಲೆ ಮಂಚದ ಮೇಲೆ ಕೂತು ನನ್ನ ಸೆರಗು ಹಿಡಿದಳು.

"ಅತ್ಯಾ, ಅಜ್ಜಿ ಹೋದ್ಲು."

"ಇಲ್ಲ ಪುಟ್ಟಾ, ಅದು..." ಎಂದು ಪಾಠಕ್ಕೆ ಬಾಯಿ ತೆರೆದೆ.

"ಅಜ್ಜಿಗಿ ಸೂಜಿ ಅಂದ್ರ ಅಂಜಿಕಿ ಅಲ್ಲ? ಅದಕ್ಕ ಹೋಗ್ಯಾಳ" ಎಂದಳು. "ನಾ ಸೂಜಿ ಬಿಟ್ರ ಬರ್ತಾಳೇನು?"

"ಬರೂದಿಲ್ಲ" ಎಂದೆ. "ಸೂಜಿ ಬಿಡಬಾರದು."

ಪಾರ್ವತಿ ಅವಳನ್ನು ಕರೆದುಕೊಂಡು ಹೊರಗೆ ಹೋದಳು. ನಾನು ಚಾದರ ಮಡಚಲು ಎತ್ತಿಕೊಂಡೆ. ಸಾಲು ಬರುತ್ತಿದ್ದ ಮೂಲೆಯಲ್ಲಿ ನೆಲ ಸ್ವಚ್ಛವಾಗಿತ್ತು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಚಾದರಕ್ಕೆ ಮೂಗು ಹಚ್ಚಿದೆ. ಸಾಬೂನು, ಫಿನಾಯಿಲು. ಇನ್ನೊಂದು ಅಂಚು ಮೂಸಿದೆ, ದಿಂಬು ಮೂಸಿದೆ. ಎಲ್ಲೂ ಕೊಬ್ಬರಿಯ ವಾಸನೆ ಇರಲಿಲ್ಲ. ಹತ್ತನೆಯ ದಿನ ಬರದಿದ್ದ ಅಳು ನನಗೆ ಅಲ್ಲಿ ಬಂತು.